ಎನ್‌ಕೆ ಕೋಶಗಳಿಲ್ಲದ ಹುಡುಗಿ ಮತ್ತು ಎಣಿಕೆಗೆ ಸಿಗದ ಸಿಡಿ56 ಬ್ರೈಟ್ ಗುಂಪು

ಅಮೆರಿಕದ 13 ವರ್ಷದ ಹುಡುಗಿಯೊಬ್ಬಳಿಗೆ ಚಿಕನ್‌ಪಾಕ್ಸ್ ಬಂತು. ನಮ್ಮ ಮನೆಗಳಲ್ಲಿ ‘ಅಮ್ಮ ಆಗಿದೆ’ ಅಂತ ಬೇವಿನ ಸೊಪ್ಪು ಇಟ್ಟು, ಒಂದೆರಡು ವಾರ ಮಗುವನ್ನು ಒಳಗೇ ಮಲಗಿಸಿ ಸುಧಾರಿಸಿಕೊಳ್ಳುವ ಕಾಯಿಲೆ ಅದು. ಇವಳಿಗೆ ಮಾತ್ರ ಮೈಯೆಲ್ಲ ಹರಡಿ ಜೀವಕ್ಕೇ ಕುತ್ತಾಯಿತು. ಹೇಗೋ ಉಳಿದಳು. ಆಮೇಲೆ ಸೈಟೋಮೆಗಾಲೋ ವೈರಸ್ ಕಾಡಿತು. ಅದರ ಜೊತೆಗೆ ಹರ್ಪಿಸ್ ಸಿಂಪ್ಲೆಕ್ಸ್. ಮೂರೂ ಹರ್ಪಿಸ್ ಕುಟುಂಬದ ವೈರಸ್‌ಗಳೇ. ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಇವು ಜೀವನಪೂರ್ತಿ ಸುಮ್ನೆ ಮಲಗಿರುತ್ತವೆ. ಇವಳ ಮೈ ಮಾತ್ರ ಒಂದನ್ನೂ ತಡೆದುಕೊಳ್ಳಲಿಲ್ಲ.

1989ರಲ್ಲಿ ಕ್ರಿಸ್ಟೀನ್ ಬಿರಾನ್ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಈ ಪ್ರಕರಣವನ್ನು ಬರೆದರು. ಅವರ ತೀರ್ಮಾನ ನೇರವಾಗಿತ್ತು: ಈ ಹುಡುಗಿಯ ರಕ್ತದಲ್ಲಿ ನ್ಯಾಚುರಲ್ ಕಿಲ್ಲರ್ (ಎನ್‌ಕೆ) ಕೋಶಗಳಿಲ್ಲ, ಅಂದರೆ ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳಿಲ್ಲ. ಎನ್‌ಕೆ ಕೊರತೆಯ ಮೊದಲ ರೋಗಿ ಅಂದರೆ ಇವಳೇ ಅಂತ ಈ ಕ್ಷೇತ್ರದವರು ಇವತ್ತಿಗೂ ಹೇಳುತ್ತಾರೆ. ಮನುಷ್ಯರಿಗೆ ಎನ್‌ಕೆ ಕೋಶ ನಿಜಕ್ಕೂ ಬೇಕಾ ಅನ್ನುವ ಪ್ರಶ್ನೆಗೆ ಅಲ್ಲಿಯವರೆಗೆ ಇಷ್ಟು ನೇರವಾದ ಉತ್ತರ ಸಿಕ್ಕಿರಲಿಲ್ಲ.

ಎನ್‌ಕೆ ಕೋಶಗಳು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1975ರ ಆಸುಪಾಸಿನಲ್ಲಿ. ಸ್ವೀಡನ್ನಿನ ಕರೋಲಿನ್‌ಸ್ಕಾದಲ್ಲಿ ರಾಲ್ಫ್ ಕೀಸ್ಲಿಂಗ್ ಮತ್ತು ಜೊತೆಗಾರರು, ಅಮೆರಿಕದಲ್ಲಿ ರೊನಾಲ್ಡ್ ಹರ್ಬರ್ಮನ್ ತಂಡ, ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಗುರುತಿಸಿದರು. ಮೊದಲೇ ಪರಿಚಯ ಇಲ್ಲದಿದ್ದರೂ ಕೆಲವು ಕ್ಯಾನ್ಸರ್ ಕೋಶಗಳನ್ನು ಇವು ಕೊಲ್ಲುತ್ತಿದ್ದವು. ಆಗಿನ ಮುಖ್ಯ ಪರೀಕ್ಷೆ ಕ್ರೋಮಿಯಂ ಬಿಡುಗಡೆಯದ್ದು. ಕೆ562 ಅನ್ನುವ ಲ್ಯುಕೇಮಿಯಾ ಕೋಶಗಳಿಗೆ ವಿಕಿರಣ ಸೂಸುವ ಕ್ರೋಮಿಯಂ ಕುಡಿಸುತ್ತಾರೆ. ರೋಗಿಯ ಲಿಂಫೋಸೈಟ್‌ಗಳ (ಎನ್‌ಕೆ ಕೂಡ ಸೇರಿದ ಬಿಳಿ ರಕ್ತಕಣಗಳ) ಜೊತೆ ನಾಲ್ಕು ಗಂಟೆ ಬಿಡುತ್ತಾರೆ. ಆಮೇಲೆ ದ್ರವಕ್ಕೆ ಎಷ್ಟು ಕ್ರೋಮಿಯಂ ಬಂತು ಅಂತ ಅಳೆಯುತ್ತಾರೆ. ಕೆ562ರ ಮೈಮೇಲೆ ಎಚ್‌ಎಲ್‌ಎ ಒಂದನೇ ವರ್ಗದ ಪ್ರೋಟೀನ್ ಇಲ್ಲ. ಹಾಗಾಗಿ ಎನ್‌ಕೆ ಕೋಶಗಳಿಗೆ ‘ತಡೆ’ ಅನ್ನುವ ಸಂಕೇತ ಸಿಗುವುದಿಲ್ಲ, ಕೆ562 ಒಡೆಯುತ್ತದೆ, ಕ್ರೋಮಿಯಂ ಹೊರಗೆ ಬರುತ್ತದೆ. ಈ ಹುಡುಗಿಯ ಕೋಶಗಳು ಕೆ562 ಅನ್ನು ಕೊಲ್ಲಲಿಲ್ಲ. ಕೋಶದ ಮೈಮೇಲಿನ ಗುರುತಿನ ಪ್ರೋಟೀನ್‌ಗಳನ್ನು (ಮಾರ್ಕರ್) ಹಿಡಿದು ಹುಡುಕಿದರೂ ಎನ್‌ಕೆ ಕೋಶ ಸಿಗಲಿಲ್ಲ.

ಮುಂದೆ ಅವಳ ಅಸ್ಥಿಮಜ್ಜೆ ಸೊರಗಿತು. ಅಪ್ಲಾಸ್ಟಿಕ್ ಅನೀಮಿಯಾ ಆಯಿತು. ಮಜ್ಜೆ ಕಸಿಯ ತೊಡಕುಗಳಿಂದ ತೀರಿಕೊಂಡಳು. ಕಾರಣ ಏನು ಅಂತ ಆಗ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾಗಲು ಎರಡು ದಶಕಕ್ಕಿಂತ ಜಾಸ್ತಿ ಬೇಕಾಯಿತು. 2011ರಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದ ಬೇರೆ ಬೇರೆ ತಂಡಗಳು ಬೇರೆ ಬೇರೆ ಹೆಸರಿನ ಕಾಯಿಲೆಗಳ ಬೆನ್ನು ಹತ್ತಿ ಒಂದೇ ಜೀನ್‌ಗೆ ಬಂದು ಮುಟ್ಟಿದವು: ಗಾಟಾ2. ಒಂದು ತಂಡ ನೋಡುತ್ತಿದ್ದದ್ದು ಮೊನೊಸೈಟ್ ಅನ್ನುವ ಬಿಳಿ ರಕ್ತಕಣಗಳೇ ಇಲ್ಲದ, ಮೈಕೋಬ್ಯಾಕ್ಟೀರಿಯಾ (ಕ್ಷಯದ ಕುಟುಂಬದ ಬ್ಯಾಕ್ಟೀರಿಯಾ) ಸೋಂಕು ಬಿಡದೆ ಕಾಡುವ ರೋಗಿಗಳನ್ನು. ಇನ್ನೊಂದು ತಂಡ, ರೋಗನಿರೋಧಕ ವ್ಯವಸ್ಥೆಯ ಡೆಂಡ್ರಿಟಿಕ್ ಕೋಶ ಇಲ್ಲದವರನ್ನು. ಮತ್ತೊಂದು, ತಲೆಮಾರಿನಿಂದ ತಲೆಮಾರಿಗೆ ಲ್ಯುಕೇಮಿಯಾ ಬರುವ ಮನೆತನಗಳನ್ನು. ಮಗದೊಂದು, ಕಾಲು ಊದಿಕೊಂಡು ಆಮೇಲೆ ರಕ್ತದ ಕಾಯಿಲೆಗೆ ತಿರುಗುವವರನ್ನು. ಗಾಟಾ2 ಇರುವುದು 3ನೇ ಕ್ರೋಮೋಸೋಮಿನಲ್ಲಿ. ರಕ್ತದ ಮೂಲಕೋಶಗಳು ಬದುಕಿ ಉಳಿಯಲು ಇದರ ಎರಡೂ ಪ್ರತಿ ಬೇಕು. ಒಂದು ಕೆಟ್ಟರೂ ಸಾಕು, ಕಾಯಿಲೆ ಶುರುವಾಗುತ್ತದೆ.

2013ರಲ್ಲಿ ಎಮಿಲಿ ಮೇಸ್, ಜೋರ್ಡನ್ ಆರೆಂಜ್ ಮತ್ತು ಜೊತೆಗಾರರು ಗಾಟಾ2 ರೋಗಿಗಳ ಎನ್‌ಕೆ ಕೋಶಗಳನ್ನು ಹತ್ತಿರದಿಂದ ನೋಡಿದರು. ಆ ಕೆಲಸದಲ್ಲೇ 1989ರ ಹುಡುಗಿಯ ಗುಟ್ಟೂ ಬಯಲಾಯಿತು. ಅವಳಲ್ಲೂ ಕೆಟ್ಟಿದ್ದದ್ದು ಗಾಟಾ2. ಅದರ ಜೊತೆಗೆ ಇನ್ನೊಂದು ವಿಷಯ ಸಿಕ್ಕಿತು. ನಾನು ಇದನ್ನೆಲ್ಲ ಬರೆಯಲು ಕೂತಿರುವುದೇ ಅದಕ್ಕಾಗಿ. ಗಾಟಾ2 ಕೆಟ್ಟ ಎಲ್ಲರಲ್ಲೂ ಎನ್‌ಕೆ ಕೋಶ ಸೊನ್ನೆ ಆಗಿರಲಿಲ್ಲ. ಕೆಲವರಲ್ಲಿ ಇದ್ದವು. ಆದರೆ ಇದ್ದವೆಲ್ಲ ಒಂದೇ ಬಗೆಯವು, ಸಿಡಿ56 ಡಿಮ್, ಅಂದರೆ ಸಿಡಿ56 ಅನ್ನುವ ಮೇಲ್ಮೈ ಪ್ರೋಟೀನ್ ಮಿತವಾಗಿ ಇರುವವು. ಅದೇ ಪ್ರೋಟೀನ್ ತುಂಬಾ ಇರುವ ಸಿಡಿ56 ಬ್ರೈಟ್ ಗುಂಪು ಕಾಣೆಯಾಗಿತ್ತು.

ಇದು ಹೇಗೆ ಕಾಣುತ್ತದೆ ಅಂತ ತಿಳಿಯಲು ಕೋಶಗಳನ್ನು ಒಂದೊಂದಾಗಿ ಬೆಳಕಿನ ಮುಂದೆ ಹಾಯಿಸಿ ಅಳೆಯುವ ಫ್ಲೋ ಸೈಟೋಮೀಟರ್ ಯಂತ್ರದ ಪರದೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ರಕ್ತಕ್ಕೆ ಬಣ್ಣ ಕಟ್ಟಿದ ಆಂಟಿಬಾಡಿಗಳನ್ನು ಹಾಕಿ, ಕೆಂಪು ಕೋಶಗಳನ್ನು ಒಡೆದು, ಯಂತ್ರದಲ್ಲಿ ಓಡಿಸಿದ್ದೀವಿ ಅಂದುಕೊಳ್ಳಿ. ಮೊದಲು ಒಂದಕ್ಕೊಂದು ಅಂಟಿಕೊಂಡ ಜೋಡಿ ಕೋಶಗಳನ್ನು ತೆಗೆಯಬೇಕು. ಸತ್ತ ಕೋಶಗಳನ್ನು ಬೇರೆ ಬಣ್ಣದಿಂದ ಗುರುತಿಸಿ ಬಿಡಬೇಕು. ಸತ್ತವು ಸಿಕ್ಕ ಸಿಕ್ಕ ಆಂಟಿಬಾಡಿಯನ್ನೆಲ್ಲ ಹೀರಿಕೊಳ್ಳುತ್ತವೆ. ಸಿಡಿ45ರಿಂದ ಲಿಂಫೋಸೈಟ್ ಮೋಡವನ್ನು ಹಿಡಿಯಬೇಕು. ಅದರೊಳಗೆ ಸಿಡಿ3 ಇರುವ ಟಿ ಕೋಶ, ಸಿಡಿ19 ಇರುವ ಬಿ ಕೋಶ, ಸಿಡಿ14 ಇರುವ ಮೊನೊಸೈಟ್, ಈ ಮೂರನ್ನೂ ಹೊರಗಿಡಬೇಕು. ಸಿಡಿ3 ಹೊರಗಿಡುವುದನ್ನು ಮರೆತರೆ ಕೆಲಸ ಕೆಟ್ಟ ಹಾಗೆ. ಸಿಡಿ56 ಇರುವ ಟಿ ಕೋಶಗಳೂ ರಕ್ತದಲ್ಲಿ ಓಡಾಡುತ್ತಿರುತ್ತವೆ, ಅವು ಎನ್‌ಕೆ ಅಲ್ಲ.

ಉಳಿದವನ್ನು ಒಂದು ಪ್ಲಾಟಿನಲ್ಲಿ ಹರಡಿ. ಅಡ್ಡಕ್ಕೆ ಸಿಡಿ56, ಉದ್ದಕ್ಕೆ ಸಿಡಿ16 ಅನ್ನುವ ಇನ್ನೊಂದು ಮೇಲ್ಮೈ ಪ್ರೋಟೀನ್. ಆರೋಗ್ಯವಂತರ ರಕ್ತದಲ್ಲಿ ಎರಡು ಮೋಡಗಳು ಎದ್ದು ಕಾಣುತ್ತವೆ. ಮಧ್ಯದಲ್ಲಿ, ಮೇಲೆ, ದೊಡ್ಡ ದಟ್ಟ ಮೋಡ: ಸಿಡಿ56 ಮಿತವಾಗಿ, ಸಿಡಿ16 ಜೋರಾಗಿ. ಇದೇ ಡಿಮ್ ಗುಂಪು, ರಕ್ತದ ಎನ್‌ಕೆ ಕೋಶಗಳಲ್ಲಿ ಸುಮಾರು 90% ಇವೇ. ಬಲಗಡೆ, ಕೆಳಗೆ, ಒಂದು ಪುಟ್ಟ ಮೋಡ: ಸಿಡಿ56 ತುಂಬಾ ಜೋರು, ಸಿಡಿ16 ಇಲ್ಲ ಅಥವಾ ತೀರಾ ಕಮ್ಮಿ. ಇದು ಬ್ರೈಟ್ ಗುಂಪು, 5ರಿಂದ 10%. ಎರಡರ ನಡುವೆ ತೆಳ್ಳಗೆ ಒಂದು ಸೇತುವೆಯೂ ಕಾಣುವುದುಂಟು. ಗಾಟಾ2 ರೋಗಿಯ ಪ್ಲಾಟಿನಲ್ಲಿ ಮೇಲಿನ ಮೋಡ ಸಣ್ಣದಾಗಿ ಉಳಿದಿರಬಹುದು. ಕೆಳಗಿನ ಬಲ ಮೂಲೆ ಖಾಲಿ.

ಪುಟ್ಟದಾದರೂ ಬ್ರೈಟ್ ಗುಂಪನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ರಕ್ತದಲ್ಲಿ ಕಮ್ಮಿ ಇದ್ದರೂ ಲಿಂಫ್ ಗ್ರಂಥಿಗಳಲ್ಲಿ ಇವುಗಳದ್ದೇ ಮೇಲುಗೈ. ಸಿಡಿ62ಎಲ್ ಮತ್ತು ಸಿಸಿಆರ್7 ಅನ್ನುವ ದಾರಿ ತೋರಿಸುವ ಪ್ರೋಟೀನ್‌ಗಳು ಇರುವುದರಿಂದ ಅಲ್ಲಿಗೆ ದಾರಿ ಗೊತ್ತು. ಸಿಡಿ117, ಸಿಡಿ127, ಜಾಸ್ತಿ ಎನ್‌ಕೆಜಿ2ಎ, ಇವು ಬ್ರೈಟ್ ಗುಂಪಿನ ಇತರ ಗುರುತುಗಳು. ಐಎಲ್-12 ಮತ್ತು ಐಎಲ್-18 ಅನ್ನುವ ಸಂಕೇತ ಪ್ರೋಟೀನ್‌ಗಳನ್ನು ಕೊಟ್ಟರೆ, ಇತರ ರೋಗನಿರೋಧಕ ಕೋಶಗಳನ್ನು ಎಚ್ಚರಿಸುವ ಇಂಟರ್‌ಫೆರಾನ್ ಗಾಮಾವನ್ನು ಧಾರಾಳವಾಗಿ ಸುರಿಸುತ್ತವೆ. ಡಿಮ್ ಗುಂಪಿನಲ್ಲಿ ಎಚ್‌ಎಲ್‌ಎ ಗುರುತಿಸುವ ಕಿರ್ ಗ್ರಾಹಕಗಳು, ಸಿಡಿ16, ಹೊಟ್ಟೆ ತುಂಬಾ ಪರ್ಫೊರಿನ್ (ಎದುರಿನ ಕೋಶಕ್ಕೆ ತೂತು ಕೊರೆಯುವ ಪ್ರೋಟೀನ್). ಕೊಲ್ಲುವ ಕೆಲಸಕ್ಕೆ ಇವು ಸದಾ ಸಿದ್ಧ. ವಯಸ್ಸಾದ ಡಿಮ್ ಕೋಶಗಳ ಮೇಲೆ ಸಿಡಿ57 ಏರುತ್ತದೆ.

ಬ್ರೈಟ್ ಕೋಶಗಳೇ ಬಲಿತು ಡಿಮ್ ಆಗುತ್ತವೆ ಅನ್ನುವುದು ಹೆಚ್ಚಿನವರು ಒಪ್ಪುವ ಮಾತು. ಬ್ರೈಟ್ ಕೋಶಗಳ ಟೆಲೋಮಿಯರ್‌ಗಳು (ಪ್ರತಿ ವಿಭಜನೆಗೂ ಸವೆಯುವ ಕ್ರೋಮೋಸೋಮಿನ ತುದಿಗಳು) ಡಿಮ್ ಕೋಶಗಳದ್ದಕ್ಕಿಂತ ಉದ್ದ, ಅಂದರೆ ಇವು ಇನ್ನೂ ಕಮ್ಮಿ ಸಲ ವಿಭಜನೆಯಾಗಿವೆ. ಇದಕ್ಕೆ ಆಕ್ಷೇಪವೂ ಇದೆ. 2014ರಲ್ಲಿ ರೀಸಸ್ ಕೋತಿಗಳ ಮೂಲಕೋಶಗಳಿಗೆ ಬಾರ್‌ಕೋಡ್ (ಡಿಎನ್‌ಎ ಗುರುತು) ಹಾಕಿ ಹಿಂಬಾಲಿಸಿದಾಗ, ಸಿಡಿ16 ಇರುವ ಎನ್‌ಕೆ ಕೋಶಗಳ ವಂಶ ಬೇರೆಯೇ ದಾರಿ ಹಿಡಿದಂತೆ ಕಂಡಿತು. ಈ ವಾದ ಇನ್ನೂ ಮುಗಿದಿಲ್ಲ. ಗಾಟಾ2 ಪ್ರಕರಣ ಈ ವಾದದ ನಟ್ಟನಡುವೆ ಬಂದು ಕೂರುತ್ತದೆ. ಬ್ರೈಟ್ ಇಲ್ಲದಿದ್ದರೆ ಡಿಮ್ ಎಲ್ಲಿಂದ ಬಂತು?

ಉತ್ತರಕ್ಕೆ ಹೋಗುವ ಮುಂಚೆ, ಲ್ಯಾಬಿನಲ್ಲಿ ಈ ಕೊರತೆ ಹೇಗೆ ಕಣ್ಣು ತಪ್ಪಿಸುತ್ತದೆ ಅಂತ ಹೇಳಲೇಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಕಾಳಜಿಯ ವಿಷಯ ಇದು.

ಡಾಕ್ಟರು ‘ಲಿಂಫೋಸೈಟ್ ಸಬ್‌ಸೆಟ್’ ಅಂತ ಬರೆದುಕೊಟ್ಟರೆ ಸಾಮಾನ್ಯವಾಗಿ ಓಡುವುದು ಟಿ, ಬಿ, ಎನ್‌ಕೆ ಎಣಿಸುವ ಸಿದ್ಧ ಕಿಟ್. ಬಹಳ ಕಡೆ ಬಳಕೆಯಲ್ಲಿರುವ ಆರು ಬಣ್ಣದ ಕಿಟ್‌ನಲ್ಲಿ ಸಿಡಿ16 ಮತ್ತು ಸಿಡಿ56 ಎರಡೂ ಆಂಟಿಬಾಡಿಗಳಿಗೆ ಒಂದೇ ಬಣ್ಣ, ಪಿಇ. ಎಣಿಕೆಗೆ ಇದು ಒಳ್ಳೆಯ ಉಪಾಯವೇ. ಎರಡರಲ್ಲಿ ಯಾವುದಿದ್ದರೂ ಕೋಶ ಲೆಕ್ಕಕ್ಕೆ ಸಿಗುತ್ತದೆ, ಒಂದು ಬಣ್ಣ ಉಳಿಯುತ್ತದೆ. ಆದರೆ ಬ್ರೈಟ್ ಯಾವುದು, ಡಿಮ್ ಯಾವುದು ಅಂತ ಆ ಪ್ಲಾಟಿನಲ್ಲಿ ಬೇರ್ಪಡಿಸಲು ಆಗುವುದೇ ಇಲ್ಲ. ರಿಪೋರ್ಟಿನಲ್ಲಿ ಬರುವುದು ಒಂದು ಶೇಕಡಾವಾರು, ಒಂದು ಎಣಿಕೆ. ಗಾಟಾ2 ರೋಗಿಯ ಡಿಮ್ ಕೋಶಗಳು ಉಳಿದಿದ್ದರೆ ಆ ಸಂಖ್ಯೆ ‘ಸ್ವಲ್ಪ ಕಮ್ಮಿ’ ಅಂತ ಕಾಣಬಹುದು, ‘ಸರಿ ಇದೆ’ ಅಂತಲೂ ಕಾಣಬಹುದು. ಆ ರಿಪೋರ್ಟ್ ಫೈಲಿಗೆ ಹೋಗುತ್ತದೆ. ಮಗುವಿಗೆ ವೈರಸ್‌ನಿಂದ ಬರುವ ನರೂಲಿ ಏಳುತ್ತಲೇ ಇರುತ್ತದೆ, ಚರ್ಮದ ಡಾಕ್ಟರು ಸುಡುತ್ತಲೇ ಇರುತ್ತಾರೆ.

ಎರಡು ಮಾರ್ಕರ್‌ಗೆ ಎರಡು ಬಣ್ಣ ಕೊಟ್ಟರೆ ಈ ತೊಡಕು ಅಲ್ಲಿಗೇ ಮುಗಿಯುತ್ತದೆ. ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವವರು ಇದನ್ನು ಇಟ್ಟುಕೊಳ್ಳಿ. ಸಿಡಿ56ಕ್ಕೆ ಜೋರಾಗಿ ಹೊಳೆಯುವ ಬಣ್ಣ ಕೊಡಿ. ಇಲ್ಲಿ ‘ಇದೆಯೋ ಇಲ್ಲವೋ’ ಅಷ್ಟೇ ಅಲ್ಲ, ‘ಎಷ್ಟಿದೆ’ ಅನ್ನುವುದೂ ಬೇಕು. ಮಂಕು ಬಣ್ಣ ಕೊಟ್ಟರೆ ಡಿಮ್ ಹೋಗಿ ಸೊನ್ನೆಗೆ ಅಂಟುತ್ತದೆ. ಪಿಇ-ಸೈ7 ತರಹದ ಜೋಡಿ ಬಣ್ಣವಾದರೆ ಬೆಳಕಿಗೆ ಬಿಡಬೇಡಿ, ಅದು ಒಡೆದು ಪಿಇ ಜಾಗದಲ್ಲಿ ಸುಳ್ಳು ಬೆಳಕು ಕೊಡುತ್ತದೆ. ಸಿಡಿ16 ಮಾತ್ರ ನಂಬಿ ಗುಂಪು ಬೇರ್ಪಡಿಸಲೂ ಬಾರದು. ಎನ್‌ಕೆ ಕೋಶ ಕೆರಳಿದಾಗ ಎಡಿಎಎಂ17 ಅನ್ನುವ ಕಿಣ್ವ ಸಿಡಿ16 ಅನ್ನು ಮೈಮೇಲಿಂದ ಕತ್ತರಿಸಿ ಹಾಕುತ್ತದೆ. ಆಗ ಡಿಮ್ ಕೋಶವೂ ಸಿಡಿ16 ಇಲ್ಲದ್ದಾಗಿ ಕಾಣುತ್ತದೆ. ಆದಷ್ಟು ತಾಜಾ ರಕ್ತ ಬಳಸಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಲೆಕ್ಕ. ಮೈಕ್ರೋಲೀಟರಿಗೆ 2000 ಲಿಂಫೋಸೈಟ್ ಇರುವ ಒಬ್ಬ ದೊಡ್ಡವರನ್ನು ತೆಗೆದುಕೊಳ್ಳಿ. ಅದರಲ್ಲಿ 10% ಎನ್‌ಕೆ ಅಂದರೆ 200. ಅದರಲ್ಲಿ 5ರಿಂದ 10% ಬ್ರೈಟ್ ಅಂದರೆ 10ರಿಂದ 20. ಯಂತ್ರದಲ್ಲಿ 10,000 ಲಿಂಫೋಸೈಟ್ ಓಡಿಸಿದರೆ 50ರಿಂದ 100 ಬ್ರೈಟ್ ಕೋಶ ಸಿಗುತ್ತವೆ, ನೋಡಲು ಸಾಕು. ಆದರೆ ರೋಗಿಯ ಎನ್‌ಕೆ ಪಾಲು 1% ಇದ್ದರೆ? 10,000ಕ್ಕೆ 100 ಎನ್‌ಕೆ. ಬ್ರೈಟ್ ಪಾಲು ಸರಿಯಾಗೇ ಇದ್ದರೂ 5ರಿಂದ 10 ಚುಕ್ಕೆ. ಇಷ್ಟನ್ನು ನೋಡಿ ‘ಇದೆ’ ಅನ್ನುವುದೂ ಕಷ್ಟ, ‘ಇಲ್ಲ’ ಅನ್ನುವುದೂ ಕಷ್ಟ. ನಾಲ್ಕು ಜೋಡಿ ಕೋಶ ನುಸುಳಿದರೆ ಸಾಕು, ಇಲ್ಲದ ಗುಂಪು ಇದ್ದಂತೆ ಕಾಣುತ್ತದೆ. ಹಾಗಾಗಿ ಇಂಥ ಸ್ಯಾಂಪಲ್‌ನಲ್ಲಿ ಕನಿಷ್ಠ ಒಂದೆರಡು ಲಕ್ಷ ಲಿಂಫೋಸೈಟ್ ಓಡಿಸಬೇಕು. ಅದೇ ದಿನ, ಅದೇ ಟ್ಯೂಬಿನ ಮಿಶ್ರಣದಲ್ಲಿ, ಆರೋಗ್ಯವಂತರೊಬ್ಬರ ರಕ್ತವನ್ನೂ ಪಕ್ಕದಲ್ಲಿ ಓಡಿಸಬೇಕು. ಬ್ರೈಟ್ ಗೇಟನ್ನು (ಪ್ಲಾಟಿನಲ್ಲಿ ಆ ಗುಂಪಿನ ಸುತ್ತ ಎಳೆಯುವ ಗೆರೆಯನ್ನು) ಆ ಕಂಟ್ರೋಲ್ ಮೇಲೆ ಎಳೆದು, ಹಾಗೇ ರೋಗಿಯ ಪ್ಲಾಟಿಗೆ ತರಬೇಕು. ರೋಗಿಯ ಪ್ಲಾಟ್ ನೋಡಿಕೊಂಡು ಗೇಟ್ ಎಳೆಯಲು ಹೋದರೆ ಖಾಲಿ ಜಾಗಕ್ಕೂ ಒಂದು ಗುಂಪಿನ ಹೆಸರು ಕೊಟ್ಟುಬಿಡುತ್ತೇವೆ.

ಈಗ ಆ ಪ್ರಶ್ನೆಗೆ ಬರೋಣ. ಬ್ರೈಟ್ ಇಲ್ಲದೆ ಡಿಮ್ ಹೇಗೆ?

2017ರಲ್ಲಿ ಕರೋಲಿನ್‌ಸ್ಕಾದ ಹೈನ್‌ರಿಖ್ ಶ್ಲುಮ್ಸ್, ಯೆನಾನ್ ಬ್ರೈಸೆಸನ್ ಮತ್ತು ಸಂಗಡಿಗರು ಉತ್ತರದ ದೊಡ್ಡ ಪಾಲನ್ನು ಕೊಟ್ಟರು. ಕಾಯಿಲೆ ಕಾಣಿಸಿಕೊಂಡ ಗಾಟಾ2 ರೋಗಿಗಳಲ್ಲಿ ಉಳಿದ ಎನ್‌ಕೆ ಕೋಶಗಳು ಮಾಮೂಲಿ ಡಿಮ್ ಕೋಶಗಳಾಗಿರಲಿಲ್ಲ. ಅವುಗಳೊಳಗೆ ಪಿಎಲ್‌ಜಡ್‌ಎಫ್ ಅನ್ನುವ ಪ್ರೋಟೀನ್ ಇರಲಿಲ್ಲ. ಎಫ್‌ಸಿ ಎಪ್ಸಿಲಾನ್ ಗ್ರಾಹಕದ ಗಾಮಾ ಸರಪಳಿ, ಎಸ್‌ವೈಕೆ, ಇಎಟಿ-2, ಕೋಶದೊಳಗೆ ಸಂಕೇತ ಸಾಗಿಸುವ ಈ ಪ್ರೋಟೀನ್‌ಗಳೂ ಅಲ್ಲಲ್ಲಿ ಮಾಯ. ಇದು ‘ಅಡಾಪ್ಟಿವ್’ ಎನ್‌ಕೆ ಕೋಶಗಳ ಚಹರೆ. ಸೈಟೋಮೆಗಾಲೋ ವೈರಸ್ ತಗುಲಿದವರಲ್ಲಿ ಇಂಥ ಕೋಶಗಳು ಬೆಳೆದು ವರ್ಷಗಟ್ಟಲೆ ಉಳಿಯುತ್ತವೆ. ಬಾರ್ಸಿಲೋನಾದ ಮಿಗೆಲ್ ಲೋಪೆಸ್-ಬೊಟೆಟ್ ತಂಡ 2004ರಲ್ಲೇ ಈ ವೈರಸ್‌ಗೂ ಎನ್‌ಕೆಜಿ2ಸಿ ಹೊತ್ತ ಎನ್‌ಕೆ ಕೋಶಗಳಿಗೂ ಇರುವ ನಂಟನ್ನು ತೋರಿಸಿತ್ತು. ಮೇಲ್ಮೈಯಲ್ಲಿ ಎನ್‌ಕೆಜಿ2ಸಿ ಮತ್ತು ಸಿಡಿ57 ಒಟ್ಟಿಗೆ ಕಂಡರೆ ಅಡಾಪ್ಟಿವ್ ಇರಬಹುದು ಅಂತ ಅನುಮಾನ ಪಡಬೇಕು. ಖಚಿತ ಮಾಡಿಕೊಳ್ಳಲು ಕೋಶದೊಳಗಿನ ಪ್ರೋಟೀನ್‌ಗಳನ್ನೂ ನೋಡಬೇಕು.

ಕೆಲಸದಲ್ಲೂ ವ್ಯತ್ಯಾಸ ಇತ್ತು. ಸಿಡಿ16 ಮೂಲಕ ಕೆರಳಿಸಿದರೆ ಈ ಕೋಶಗಳು ಇಂಟರ್‌ಫೆರಾನ್ ಗಾಮಾ ಕೊಟ್ಟವು. ಐಎಲ್-12, ಐಎಲ್-18 ಕೊಟ್ಟರೆ ಕೊಡಲಿಲ್ಲ. ಕಾಯಿಲೆಯ ಲಕ್ಷಣ ಇಲ್ಲದೆ ಬರೀ ಕೆಟ್ಟ ಜೀನ್ ಹೊತ್ತವರಲ್ಲಿ ಪಿಎಲ್‌ಜಡ್‌ಎಫ್ ಇರುವ ಮಾಮೂಲಿ ಎನ್‌ಕೆ ಕೋಶಗಳು ಇನ್ನೂ ಇದ್ದವು. ಇನ್ನೊಂದು ಮುಖ್ಯ ಸಂಗತಿ ಅಂದರೆ, ಗಾಟಾ2 ಕೆಲಸ ಮಾಡುವುದು ಮೂಲಕೋಶದಲ್ಲಿ. ಎನ್‌ಕೆ ಆಗುವ ಹಾದಿಯಲ್ಲಿರುವ ಕೋಶದಲ್ಲಾಗಲಿ, ಬ್ರೈಟ್‌ನಲ್ಲಾಗಲಿ, ಡಿಮ್‌ನಲ್ಲಾಗಲಿ ಅದು ಕಾಣಲಿಲ್ಲ. ಅಂದರೆ ಕೆಟ್ಟಿರುವುದು ಮೇಲ್ದಂಡೆಯಲ್ಲಿ. ಕಾಲುವೆ ಬತ್ತಿದ ಮೇಲೂ ಕೆರೆಯಲ್ಲಿ ಹಳೇ ನೀರು ನಿಂತಿರುತ್ತಲ್ವಾ, ಹಾಗೆ. ಹೊಸ ಕೋಶ ಹುಟ್ಟುವುದು ನಿಂತಿದೆ. ಬೇಗ ಮುಗಿದುಹೋಗುವ ಬ್ರೈಟ್ ಮತ್ತು ಮಾಮೂಲಿ ಡಿಮ್ ಕೋಶಗಳು ಖಾಲಿಯಾಗಿವೆ. ಆಯಸ್ಸು ಜಾಸ್ತಿ ಇರುವ ಅಡಾಪ್ಟಿವ್ ಕೋಶಗಳು ಮಾತ್ರ ಉಳಿದಿವೆ.

ಇದನ್ನು ಓದಿದ ಮೇಲೆ ಪ್ಲಾಟಿನ ಅರ್ಥವೇ ಬೇರೆ ಆಗುತ್ತದೆ. ಖಾಲಿ ಬಲ ಮೂಲೆ ಅಂದರೆ ಎನ್‌ಕೆ ಕೋಶದ ತೊಂದರೆ ಅಷ್ಟೇ ಅಲ್ಲ, ಮಜ್ಜೆಯ ಸುದ್ದಿ. 1989ರ ಹುಡುಗಿಗೆ ಮುಂದೆ ಅಪ್ಲಾಸ್ಟಿಕ್ ಅನೀಮಿಯಾ ಬಂದದ್ದೂ ಇದೇ ಸಾಲಿಗೆ ಸೇರುತ್ತದೆ. ಎನ್‌ಕೆ ಕೋಶ ಇಲ್ಲದ್ದು, ಮಜ್ಜೆ ಸೊರಗಿದ್ದು, ಎರಡು ಬೇರೆ ದುರದೃಷ್ಟಗಳಲ್ಲ.

ಬ್ರೈಟ್ ಹೋಗಿ ಡಿಮ್ ಉಳಿಯುವುದು ಎಲ್ಲ ಎನ್‌ಕೆ ಕೊರತೆಯ ಚಿತ್ರವೂ ಅಲ್ಲ. ಎಂಸಿಎಂ4 ಜೀನ್ ಕೆಟ್ಟರೆ ಇದರ ತದ್ವಿರುದ್ಧ. ಐರ್ಲೆಂಡಿನ ಟ್ರಾವೆಲರ್ ಅನ್ನುವ ಅಲೆಮಾರಿ ಮೂಲದ ಸಮುದಾಯದ ಮಕ್ಕಳಲ್ಲಿ 2012ರಲ್ಲಿ ವರದಿಯಾದ ಈ ಕಾಯಿಲೆಯಲ್ಲಿ ಎತ್ತರ ಕಮ್ಮಿ, ಅಡ್ರಿನಲ್ ಗ್ರಂಥಿ ಸೊರಗಿರುತ್ತದೆ. ಎನ್‌ಕೆ ಕಮ್ಮಿ, ಆದರೆ ಉಳಿದವುಗಳಲ್ಲಿ ಬ್ರೈಟ್ ಪಾಲು ದೊಡ್ಡದು, ಕಾಣೆಯಾಗುವುದು ಡಿಮ್. ಡಿಎನ್‌ಎ ನಕಲು ಮಾಡುವ ಯಂತ್ರಾಂಗದ ಇನ್ನೊಂದು ಭಾಗ ಜಿಐಎನ್‌ಎಸ್1, ಅದು ಕೆಟ್ಟಾಗಲೂ ಎನ್‌ಕೆ ಕೋಶಗಳಿಗೆ ಪೆಟ್ಟು ಬೀಳುತ್ತದೆ. ಬರೀ ಒಟ್ಟು ಎಣಿಕೆ ನೋಡಿದರೆ ಗಾಟಾ2, ಎಂಸಿಎಂ4 ಎರಡೂ ‘ಎನ್‌ಕೆ ಕಮ್ಮಿ’. ಗುಂಪು ಬೇರ್ಪಡಿಸಿದರೆ ಯಾವ ಜೀನ್ ಮೊದಲು ಓದಬೇಕು ಅಂತ ಪ್ಲಾಟೇ ಹೇಳುತ್ತದೆ.

ಆಂಟಿಬಾಡಿಯ ಕ್ಲೋನ್ (ಒಂದೇ ಪ್ರೋಟೀನಿಗೆ ತಯಾರಿಸಿದ ಬೇರೆ ಬೇರೆ ಆಂಟಿಬಾಡಿ ತಳಿ) ಯಾವುದು ಅನ್ನುವುದೂ ಹೀಗೇ ಕೈ ಕೊಡಬಹುದು. ಸಿಡಿ16ರ ಜೀನ್ ಎಫ್‌ಸಿಜಿಆರ್3ಎ. ಅದರ 66ನೇ ಜಾಗದಲ್ಲಿ ಲ್ಯೂಸಿನ್ ಬದಲು ಹಿಸ್ಟಿಡಿನ್ ಬಂದು, ಎರಡೂ ಪ್ರತಿಯಲ್ಲಿ ಹಾಗಾದರೆ, ಎನ್‌ಕೆ ಕೋಶಗಳ ಸಂಖ್ಯೆ ಸರಿ ಇರುತ್ತದೆ, ಕೊಲ್ಲುವ ಶಕ್ತಿ ಕುಂದಿರುತ್ತದೆ. ಬಿ73.1 ಕ್ಲೋನ್ ಇದಕ್ಕೆ ಅಂಟುವುದಿಲ್ಲ. ಎಲ್ಲರೂ ಹೆಚ್ಚಾಗಿ ಬಳಸುವ 3ಜಿ8 ಕ್ಲೋನ್ ಆರಾಮಾಗಿ ಅಂಟುತ್ತದೆ. 3ಜಿ8 ಮಾತ್ರ ಹಾಕಿದ ಲ್ಯಾಬ್ ‘ಸಿಡಿ16 ಇದೆ’ ಅಂತ ಪ್ರಾಮಾಣಿಕವಾಗಿಯೇ ಬರೆಯುತ್ತದೆ. ಆದರೂ ಕಾಯಿಲೆ ತಪ್ಪಿಹೋಗುತ್ತದೆ. ರಿಪೋರ್ಟಿನಲ್ಲಿ ಕ್ಲೋನ್ ಹೆಸರು ನಮೂದಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇವತ್ತು ಅಂಥದ್ದೇ ಒಂದು ಮಗು ಬಂದರೆ ಏನು ಮಾಡಬೇಕು? ಹರ್ಪಿಸ್ ಕುಟುಂಬದ ವೈರಸ್ ಜೋರಾಗಿ ಕಾಡಿದ್ದರೆ, ನರೂಲಿ ಬಿಡದೆ ಏಳುತ್ತಿದ್ದರೆ, ಮೈಕೋಬ್ಯಾಕ್ಟೀರಿಯಾ ಸೋಂಕಿದ್ದರೆ, ಮೊದಲು ಮಾಮೂಲಿ ರಕ್ತ ಎಣಿಕೆಯಲ್ಲಿ ಮೊನೊಸೈಟ್ ಸಾಲನ್ನು ನೋಡಿ. ಯಾರೂ ಗಮನ ಕೊಡದ ಸಾಲು ಅದು. ಅಲ್ಲಿ ಸೊನ್ನೆಯ ಹತ್ತಿರ ಇದ್ದು, ಬಿ ಕೋಶವೂ ಕಮ್ಮಿ ಇದ್ದರೆ, ಎನ್‌ಕೆ ಗುಂಪುಗಳನ್ನು ಬೇರ್ಪಡಿಸುವ ಟ್ಯೂಬ್ ಹಾಕಿ. ಬ್ರೈಟ್ ಗುಂಪು ಇಲ್ಲ ಅಂತ ಖಾತ್ರಿಯಾದರೆ ಗಾಟಾ2 ಓದಿಸಿ. ಜೀನ್ ಕೆಟ್ಟಿದ್ದರೆ ಅಪ್ಪ, ಅಮ್ಮ, ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ಒಂದು ಪ್ರತಿ ಸಾಕು ಅಂದೆನಲ್ಲ, ಮನೆಯಲ್ಲಿ ಇನ್ನೊಬ್ಬರಲ್ಲಿ ಸದ್ದಿಲ್ಲದೆ ಇರಬಹುದು. ಮಜ್ಜೆ ಕೊಡಲು ಮುಂದೆ ಬಂದ ಅಣ್ಣನಲ್ಲೋ ತಂಗಿಯಲ್ಲೋ ಅದೇ ಕೆಟ್ಟ ಜೀನ್ ಇದ್ದರೆ ಕಸಿ ಮಾಡಿಯೂ ಉಪಯೋಗವಿಲ್ಲ.

ಬುಡದಿಂದ ಗುಣಪಡಿಸುವ ಚಿಕಿತ್ಸೆ ಮೂಲಕೋಶ ಕಸಿಯೇ. ಕಸಿಯ ಮೇಲೆ ರಕ್ತಕ್ಕೆ ಮೊದಲು ಮರಳುವ ಲಿಂಫೋಸೈಟ್‌ಗಳು ಎನ್‌ಕೆ ಕೋಶಗಳೇ. ಮೊದಲ ವಾರಗಳಲ್ಲಿ ಅವುಗಳಲ್ಲಿ ಬ್ರೈಟ್ ಪಾಲು ತುಂಬಾ ಜಾಸ್ತಿ ಇರುತ್ತದೆ. ಎನ್‌ಕೆಜಿ2ಎ ಎಲ್ಲ ಕಡೆ, ಕಿರ್ ಕಮ್ಮಿ. ಹಾಗಾಗಿ ಕಸಿಗೆ ಮುಂಚಿನ ಪ್ಲಾಟ್ ಜೋಪಾನವಾಗಿಟ್ಟು, ಅದೇ ಕ್ಲೋನ್, ಅದೇ ಬಣ್ಣ, ಅದೇ ಸೆಟ್ಟಿಂಗ್‌ನಲ್ಲಿ ಕಸಿಯ ನಂತರದ ರಕ್ತವನ್ನೂ ಓಡಿಸಿ. ಮೊದಲ ತಿಂಗಳಲ್ಲಿ ಬಲ ಮೂಲೆಯಲ್ಲಿ ದೊಡ್ಡ ಮೋಡ ಕಂಡರೆ ಅದನ್ನು ಅಸಹಜ ಅಂತ ಬರೆಯಬೇಡಿ. ಡಿಮ್ ಗುಂಪು ತುಂಬಿಕೊಳ್ಳಲು, ಕಿರ್ ಮತ್ತು ಸಿಡಿ57 ಏರಲು ಇನ್ನೂ ತಿಂಗಳುಗಳು ಬೇಕು.